ಬರುವವರ ಕಣ್ಣಿಗೆ ಒಂದು ದೀಪ

ಲಂಗರು ಹಾಕಿ ನಿಂತ ದೋಣಿಯ ಮೇಲೆ ರಾತ್ರಿ ಹಚ್ಚುವ ಲಂಗರು ದೀಪದ ಬೆಳಕಿನಲ್ಲಿ ಯಾವ ಕೆಲಸವೂ ಆಗುವುದಿಲ್ಲ. ಅದರ ಕೆಳಗೆ ಕೂತು ಓದಲು ಬರುವುದಿಲ್ಲ, ಹಗ್ಗದ ಗಂಟು ಬಿಚ್ಚಲು ಬರುವುದಿಲ್ಲ, ನೀರಿನ ಆಳ ಇಣುಕಿ ನೋಡಲು ಬರುವುದಿಲ್ಲ. ನೇರವಾಗಿ ಅದನ್ನೇ ದಿಟ್ಟಿಸಿದರೆ ಕತ್ತಲೆಗೆ ಹದವಾಗಿದ್ದ ಕಣ್ಣು ಕೆಟ್ಟು, ಮತ್ತೆ ಸರಿಹೋಗಲು ಬಹಳ ಹೊತ್ತು ಬೇಕು. ಹಚ್ಚಿದವರು ಹಚ್ಚಿ ಮಲಗಿಬಿಡುತ್ತಾರೆ. ರಾತ್ರಿಯಿಡೀ ಅದು ಯಾರಿಗಾಗಿ ಉರಿಯುತ್ತದೋ ಅವರು ಯಾರೆಂದು ಇವರಿಗೆ ಗೊತ್ತಿಲ್ಲ. ಅವರು ಬರುತ್ತಾರೋ ಇಲ್ಲವೋ, ಅದೂ ಗೊತ್ತಿಲ್ಲ. ಯಾರೋ ಬಂದು, ದೀಪ ಕಂಡು, ಚುಕ್ಕಾಣಿಯನ್ನು ಒಂದಿಷ್ಟು ತಿರುಗಿಸಿ ಪಕ್ಕದಿಂದ ಹೋಗಿಬಿಟ್ಟರೆ ಆ ಸಂಗತಿ ಎಂದೆಂದಿಗೂ ಇವರಿಗೆ ತಿಳಿಯದು. ದೀಪ ತನ್ನ ಕೆಲಸ ಮಾಡಿದ ರಾತ್ರಿ ಏನೂ ನಡೆದಿರುವುದಿಲ್ಲ.

ಇಂಥ ದೀಪವನ್ನು ಕೈಯಾರೆ ಮಾಡಿ ಹಚ್ಚುತ್ತ ಬಂದ ಮೇಲೆ ನನ್ನನ್ನು ಒಂದು ಪ್ರಶ್ನೆ ಹಿಡಿದುಕೊಂಡಿದೆ. ದೇವರ ಮುಂದೆ ಹಚ್ಚುವ ದೀಪಕ್ಕೂ ಗುರುತಿಲ್ಲದ ಮನುಷ್ಯನಿಗಾಗಿ ಹಚ್ಚುವ ದೀಪಕ್ಕೂ ಅಳತೆ ಒಂದೇನಾ?

ನಾನು ಹೊನ್ನಾವರದವಳು. ಶರಾವತಿ ಸಮುದ್ರ ಸೇರುವ ಅಳಿವೆಯ ದಂಡೆಯಲ್ಲಿ ಬೆಳೆದವಳು. ಮದುವೆಯಾಗಿ ಅಮೆರಿಕದ ಮೇರಿಲ್ಯಾಂಡಿಗೆ ಬಂದು, ವೈದ್ಯಕೀಯ ಉಪಕರಣಗಳ ರಿಪೇರಿಯಲ್ಲಿ ಉದ್ಯೋಗ ಮುಗಿಸಿ ಈಗ ನಿವೃತ್ತಳಾಗಿದ್ದೇನೆ. ನಮ್ಮವರು ಧಾರವಾಡದವರು, ದೊಡ್ಡ ನೀರನ್ನು ಕಂಡದ್ದು ತಡವಾಗಿ, ಒಲಿದದ್ದು ಮಾತ್ರ ಪೂರ್ತಿಯಾಗಿ. ನಮ್ಮ ಹತ್ತಿರ 19 ಅಡಿಯ ಒಂದು ಹಳೆಯ ಹಾಯಿದೋಣಿ ಇದೆ. ಚೆಸಪೀಕ್ ಕೊಲ್ಲಿಯ ಪಶ್ಚಿಮ ದಂಡೆಯಲ್ಲಿ, ಅನಾಪೊಲಿಸ್ ಪಟ್ಟಣದ ದಕ್ಷಿಣಕ್ಕೆ ರೋಡ್ ನದಿ ಎಂಬ ಹಿನ್ನೀರಿದೆ. ಬೇಸಿಗೆಯಲ್ಲೂ ಎಲೆ ಉದುರುವ ಕಾಲದಲ್ಲೂ ನಾವು ರಾತ್ರಿ ತಂಗುವುದು ಅಲ್ಲಿ. ಒಂದು ದಂಡೆಯ ಉದ್ದಕ್ಕೂ ಸ್ಮಿತ್ಸೋನಿಯನ್ ಸಂಸ್ಥೆಯ ಪರಿಸರ ಸಂಶೋಧನಾ ಕೇಂದ್ರದ ಕಾಡು. ಆ ಕಡೆ ಮನೆಗಳ ಸಾಲು ಇಲ್ಲದ್ದರಿಂದ ರಾತ್ರಿ ಎಂದರೆ ನಿಜವಾಗಿ ರಾತ್ರಿ. ತಳದಲ್ಲಿ ಕೆಸರು, ಲಂಗರು ಗಟ್ಟಿಯಾಗಿ ಕಚ್ಚಿಕೊಳ್ಳುತ್ತದೆ.

ಆ ಕತ್ತಲೆಯಲ್ಲಿ ನಾವಷ್ಟೇ ಇರುವುದಿಲ್ಲ. ನೀಲಿ ಏಡಿ ಹಿಡಿಯುವವರು ಬೆಳಗಿನ ಜಾವಕ್ಕೇ ದೋಣಿ ಬಿಡುತ್ತಾರೆ. ಉದ್ದನೆಯ ಹಗ್ಗಕ್ಕೆ ಅಷ್ಟಷ್ಟು ದೂರಕ್ಕೊಂದು ಕೋಳಿಯ ಕತ್ತಿನ ತುಂಡನ್ನೋ ಹಾವುಮೀನಿನ ತುಂಡನ್ನೋ ಕಟ್ಟಿ ತಳದಲ್ಲಿ ಹಾಸುತ್ತಾರೆ. ಆಮೇಲೆ ಹಗ್ಗದ ಗುಂಟ ದೋಣಿ ನಡೆಸುತ್ತ, ತುಂಡನ್ನು ಕಚ್ಚಿಕೊಂಡು ಮೇಲೆ ಬರುವ ಏಡಿಯನ್ನು ಕೈಬಲೆಯಲ್ಲಿ ಎತ್ತಿಕೊಳ್ಳುತ್ತಾರೆ. ಹಗ್ಗ ಹಾಸಲು ಒಳ್ಳೆಯ ಜಾಗ ಹಿಡಿಯಬೇಕಾದರೆ ಬೇರೆಯವರಿಗಿಂತ ಮೊದಲು ಹೋಗಬೇಕು. ನಾವು ಮಲಗಿರುವ ಹೊತ್ತಿನಲ್ಲಿ ಒಬ್ಬ ಮನುಷ್ಯ ಹೊಟ್ಟೆಪಾಡಿಗಾಗಿ, ಮೋಟಾರು ಹಾಕಿಕೊಂಡು, ತನಗೆ ಅಂಗೈಯಷ್ಟು ಪರಿಚಯವಿರುವ ನೀರಿನಲ್ಲಿ ವೇಗವಾಗಿ ಬರುತ್ತಿರುತ್ತಾನೆ. ನಿನ್ನೆ ಅಲ್ಲಿ ದೋಣಿ ಇರಲಿಲ್ಲ. ಇವತ್ತು ನಾವಿದ್ದೇವೆ. ನನ್ನ ದೀಪ ಅವನಿಗಾಗಿ.

ನಿಯಮ ಏನು ಹೇಳುತ್ತದೆ ಎಂಬುದನ್ನು ಮೊದಲು ಹೇಳಿಬಿಡುತ್ತೇನೆ, ಏಕೆಂದರೆ ನನ್ನ ಯೋಚನೆ ಶುರುವಾದದ್ದೇ ಅಲ್ಲಿಂದ. ಸಮುದ್ರದಲ್ಲಿ ಡಿಕ್ಕಿ ತಪ್ಪಿಸುವ ಅಂತರರಾಷ್ಟ್ರೀಯ ನಿಯಮಗಳನ್ನು 1972ರಲ್ಲಿ ಒಪ್ಪಿಕೊಂಡು 1977ರಲ್ಲಿ ಜಾರಿಗೆ ತಂದರು. ಅವುಗಳಲ್ಲಿ 30ನೆಯ ನಿಯಮದ ಪ್ರಕಾರ ಲಂಗರು ಹಾಕಿ ನಿಂತ 50 ಮೀಟರಿಗಿಂತ ಚಿಕ್ಕ ಹಡಗು, ಚೆನ್ನಾಗಿ ಕಾಣುವ ಜಾಗದಲ್ಲಿ, ಸುತ್ತ 360 ಡಿಗ್ರಿಗೂ ಹರಡುವ ಒಂದೇ ಒಂದು ಬಿಳಿ ದೀಪ ತೋರಿಸಿದರೆ ಸಾಕು. ಸೂರ್ಯ ಮುಳುಗಿದಾಗಿನಿಂದ ಹುಟ್ಟುವವರೆಗೆ. ನಮ್ಮಂಥ ಚಿಕ್ಕ ದೋಣಿಯದಾದರೂ ಅದು ಎರಡು ನಾಟಿಕಲ್ ಮೈಲಿ, ಎಂದರೆ 3.7 ಕಿಲೋಮೀಟರ್ ದೂರಕ್ಕೆ ಕಾಣಬೇಕು. ಮಿಣುಕಬಾರದು, ಅಮೆರಿಕದ ಒಳನೀರಿನಲ್ಲಿ ಜೋರಾಗಿ ಮಿಣುಕುವ ಬಿಳಿ ಬೆಳಕಿಗೆ ಆಪತ್ತಿನ ಕರೆ ಎಂಬ ಅರ್ಥವಿದೆ. ಹಾಗೆಯೇ ಒಂದು ವಿನಾಯಿತಿ ಇದೆ: 7 ಮೀಟರಿಗಿಂತ ಚಿಕ್ಕ ದೋಣಿ, ಇಕ್ಕಟ್ಟಾದ ಕಾಲುವೆಯಲ್ಲೋ ಹಡಗಿನ ದಾರಿಯಲ್ಲೋ ಲಂಗರು ತಾಣದಲ್ಲೋ ಬೇರೆಯವರು ಸಾಮಾನ್ಯವಾಗಿ ಓಡಾಡುವ ಕಡೆಯೋ ಇಲ್ಲದಿದ್ದರೆ, ದೀಪ ತೋರಿಸಲೇಬೇಕೆಂದಿಲ್ಲ. ಅಮೆರಿಕದ ಒಳನೀರಿನ ನಿಯಮದಲ್ಲಿ ಇನ್ನೂ ಒಂದು ಸಡಿಲಿಕೆ: ವಿಶೇಷ ತಂಗುದಾಣ ಎಂದು ಗುರುತಿಸಿದ ಜಾಗದಲ್ಲಿ 20 ಮೀಟರಿಗಿಂತ ಚಿಕ್ಕವರು ದೀಪವಿಲ್ಲದೆ ಮಲಗಬಹುದು.

ನಮ್ಮ ದೋಣಿ 5.8 ಮೀಟರ್. ನಾವು ಕಾಡಿನ ಕಡೆಯ ಒಂದು ಮೂಲೆ ಹಿಡಿದು ನಿಂತಿದ್ದ ಸಂಜೆ ನಮ್ಮವರು ಕೇಳಿದರು: “ಕಾಯ್ದೆದಾಗನ ಬ್ಯಾಡ ಅಂತ ಬರದದ. ಮತ್ತ್ಯಾಕ ನಿನಗ ಇಷ್ಟ್ ಉಸಾಬರಿ?”

“ಬರುವವನಿಗೆ ನಮ್ಮ ದೋಣಿಯ ಉದ್ದ ಗೊತ್ತಿರ್ತದೆಯಾ?” ಎಂದೆ.

“ಅವಗ ಕಣ್ಣಿಲ್ಲೇನು?”

“ಕಣ್ಣಿದೆ. ಕಣ್ಣಿಗೆ ಸಿಗುವ ಹಾಗೆ ನಾವು ಏನಾದರೂ ಇಡಬೇಕಲ್ಲ.”

ಅವರು ಸ್ವಲ್ಪ ಹೊತ್ತು ಸುಮ್ಮನಿದ್ದು, “ಹಚ್ಚು ಹಂಗಾರ,” ಎಂದರು. ಅವರ ಪ್ರಶ್ನೆಯನ್ನು ನಾನು ಹಗುರಾಗಿ ತೆಗೆದುಕೊಂಡಿಲ್ಲ. ಕಾಯ್ದೆ ಬೇಡವೆಂದ ಮೇಲೂ ಒಂದು ಕರ್ತವ್ಯ ಉಳಿಯುವುದಾದರೆ ಅದು ಎಲ್ಲಿಂದ ಬಂತು?

ವಿನಾಯಿತಿ ಎಂದರೆ ನನ್ನ ಮೇಲೆ ದಂಡ ಬೀಳುವುದಿಲ್ಲ ಎಂದು ಮಾತ್ರ ಅರ್ಥ. ಕತ್ತಲೆಯಲ್ಲಿ ಬರುವವನಿಗೆ ಅದರಿಂದ ಯಾವ ರಕ್ಷಣೆಯೂ ಸಿಗುವುದಿಲ್ಲ. ನಿಯಮ ಬರೆದವರಿಗೂ ಇದು ಗೊತ್ತಿತ್ತು. ಅದೇ ನಿಯಮಾವಳಿಯ 2ನೆಯ ನಿಯಮ, ಬರೆದದ್ದನ್ನು ಪಾಲಿಸಿದ ಮಾತ್ರಕ್ಕೆ ನಾವಿಕನ ಸಾಮಾನ್ಯ ಎಚ್ಚರಿಕೆಯಿಂದ ಯಾರಿಗೂ ಬಿಡುಗಡೆ ಇಲ್ಲ ಎಂಬರ್ಥದ ಮಾತನ್ನು ಹೇಳುತ್ತದೆ. ತನ್ನ ಆಚೆಗೂ ಹೊಣೆ ಇದೆ ಎಂದು ತಾನೇ ಒಪ್ಪಿಕೊಳ್ಳುವ ಕಾಯ್ದೆ ಇದು. ನನಗೆ ಅದರ ಮೇಲೆ ಗೌರವ ಹುಟ್ಟಿದ್ದು ಈ ಒಂದು ಕಾರಣಕ್ಕೆ.

ನಮ್ಮ ಹಳೆಯ ಗ್ರಂಥಗಳಲ್ಲಿ ಈ ಹೊಣೆಗೊಂದು ನೆಲೆ ಇದೆ. ಮನುಷ್ಯ ಹುಟ್ಟುವಾಗಲೇ ಮೂರು ಋಣ ಹೊತ್ತು ಬರುತ್ತಾನೆ, ದೇವಋಣ, ಋಷಿಋಣ, ಪಿತೃಋಣ ಎಂದು ಎಲ್ಲರೂ ಕೇಳಿರುತ್ತೇವೆ. ಶತಪಥ ಬ್ರಾಹ್ಮಣ ನಾಲ್ಕನೆಯದೊಂದನ್ನು ಸೇರಿಸುತ್ತದೆ: ಮನುಷ್ಯರ ಋಣ. ಬಂದವರಿಗೆ ಇಳಿದುಕೊಳ್ಳಲು ಜಾಗ ಕೊಟ್ಟು, ಊಟ ಕೊಟ್ಟು ಅದನ್ನು ತೀರಿಸಬೇಕು ಎನ್ನುತ್ತದೆ. ಮೂರರ ಪಟ್ಟಿ ಪ್ರಸಿದ್ಧವಾಗಿ ಈ ನಾಲ್ಕನೆಯದು ಮರೆಗೆ ಸರಿದದ್ದು ನನಗೆ ಬೇಸರದ ಸಂಗತಿ. ನೀರಿನ ಮೇಲೆ ಈ ಋಣದ ರೂಪ ಬೇರೆ. ಅಲ್ಲಿ ಬರುವವನು ನನ್ನ ಮನೆಗೆ ಬರುವುದಿಲ್ಲ. ಅವನು ನನ್ನನ್ನು ದಾಟಿ ತನ್ನ ಕೆಲಸಕ್ಕೆ ಹೋಗಬೇಕು. ಅವನಿಗೆ ನಾನು ಕೊಡಬಹುದಾದ ಆತಿಥ್ಯ ಇಷ್ಟೇ: ನಾನು ಎಲ್ಲಿದ್ದೇನೆ ಎಂದು ಮುಂಚಿತವಾಗಿ ತಿಳಿಸುವುದು.

ಇನ್ನು ದೀಪದ ಮಾತು. ಮೊದಲು ಇಂಥ ದೀಪಗಳು ಸೀಮೆಎಣ್ಣೆಯವು. ಆಮೇಲೆ ತಂತಿಯ ಬಲ್ಬು ಬಂತು. 12 ವೋಲ್ಟಿನಲ್ಲಿ 10 ವಾಟಿನ ಬಲ್ಬು ಒಂದು ಗಂಟೆಗೆ 0.8 ಆಂಪಿಯರ್-ಅವರ್‌ಗಿಂತ ಹೆಚ್ಚು ತಿನ್ನುತ್ತದೆ. ಹನ್ನೆರಡು ಗಂಟೆಗೆ ಹತ್ತು. ಎಂಜಿನ್ ಇಲ್ಲದ, ಚಾರ್ಜು ಮಾಡುವ ದಾರಿ ಇಲ್ಲದ ಚಿಕ್ಕ ದೋಣಿಗೆ ಇದು ಭರಿಸಲಾಗದ ಖರ್ಚು. ಹಾಗಾಗಿ ಎಷ್ಟೋ ಜನ ಕತ್ತಲೆಯಲ್ಲೇ ಮಲಗುತ್ತಿದ್ದರು. ಎಲ್‌ಇಡಿ ಬಂದ ಮೇಲೆ ಆ ನೆಪ ಉಳಿದಿಲ್ಲ.

ಈಗ ಸಾಮಾನ್ಯವಾಗಿ ಕಾಣುವುದು ತೋಟದ ಸೋಲಾರ್ ದೀಪ. ಅಂಗಳದ ಕಾಲುದಾರಿಯ ಪಕ್ಕ ಚುಚ್ಚಿ ನಿಲ್ಲಿಸುತ್ತಾರಲ್ಲ, ಅದನ್ನೇ ತಂದು ದೋಣಿಯ ಕಂಬಿಗೆ ಕಟ್ಟುತ್ತಾರೆ. ಅದರೊಳಗೆ ಇರುವುದು 1.2 ವೋಲ್ಟಿನ ಒಂದು ಪುಟ್ಟ ಸೆಲ್ಲು, ಒಂದೇ ಒಂದು ಎಲ್‌ಇಡಿ, ಅದಕ್ಕೆ ಸಾಕಾಗುವಷ್ಟು ವೋಲ್ಟೇಜು ಏರಿಸುವ ಚಿಕ್ಕ ಸರ್ಕ್ಯೂಟು. ಎಲ್‌ಇಡಿಯ ಮುಖ ನೆಲದ ಕಡೆಗೆ, ಏಕೆಂದರೆ ತೋಟದಲ್ಲಿ ಬೆಳಕು ಬೇಕಾದದ್ದು ನೆಲಕ್ಕೆ. ರೋಡ್ ನದಿಯಲ್ಲಿ ಪಕ್ಕದ ದೋಣಿಗಳ ಇಂಥ ದೀಪಗಳನ್ನು ನಾನು ರಾತ್ರಿ ಎದ್ದಾಗಲೆಲ್ಲ ನೋಡಿದ್ದೇನೆ. ಸಂಜೆ ಮುದ್ದಾಗಿ ಹೊತ್ತಿಕೊಳ್ಳುತ್ತವೆ. ಮಧ್ಯರಾತ್ರಿಗೆ ಮಂಕಾಗಿ ಸೊರಗುತ್ತವೆ. ಮೋಡ ಕವಿದ ದಿನದ ರಾತ್ರಿಯಾದರೆ ಬೆಳಗಿನ ಜಾವಕ್ಕೆ, ಏಡಿಯವನು ಹೊರಡುವ ಹೊತ್ತಿಗೆ ಸರಿಯಾಗಿ, ಆರಿಹೋಗಿರುತ್ತವೆ. ಕಟ್ಟಿದವರು ಒಳಗೆ ನಿಶ್ಚಿಂತೆಯಿಂದ ಮಲಗಿರುತ್ತಾರೆ. ದೀಪವೇ ಇಲ್ಲದವರಿಗೆ ಕಡೇಪಕ್ಷ ಒಂದು ಅಳುಕಾದರೂ ಇರುತ್ತದೆ. ಮೋಟಾರಿನ ಸದ್ದು ಕೇಳಿದರೆ ಟಾರ್ಚು ಹಿಡಿದು ಹೊರಗೆ ಬರುತ್ತಾರೆ. ಅರ್ಧ ರಾತ್ರಿಗೆ ಆರುವ ದೀಪ ಆ ಅಳುಕನ್ನೂ ಕಿತ್ತುಕೊಳ್ಳುತ್ತದೆ. ಇದು ದೀಪವಿಲ್ಲದಿರುವುದಕ್ಕಿಂತ ಕೆಟ್ಟದ್ದು ಎಂಬುದೇ ನನ್ನ ತೀರ್ಮಾನ.

ನಾನು ಮಾಡಿದ ದೀಪ ಹೀಗಿದೆ. ಬೆರಳು ದಪ್ಪದ ಪಿವಿಸಿ ಪೈಪಿನ ತುಂಡಿನ ಸುತ್ತ ಹನ್ನೆರಡು ರಂಧ್ರ. ಒಂದೊಂದರಲ್ಲೂ ಹೊರಕ್ಕೆ ಮುಖ ಮಾಡಿದ ಬಿಳಿ ಎಲ್‌ಇಡಿ, ಅಗಲವಾಗಿ ಬೆಳಕು ಚೆಲ್ಲುವ ಜಾತಿಯದು. ಅಂಗಡಿಯಲ್ಲಿ ತುಂಬ ಪ್ರಖರವೆಂದು ಬರೆದಿರುವ ಎಲ್‌ಇಡಿಗಳು ಸಿಗುತ್ತವೆ. ಅವು ತಮ್ಮ ಮೂಗಿನ ನೇರಕ್ಕೆ ಮಾತ್ರ ಪ್ರಖರ, ಎರಡರ ನಡುವೆ ಕತ್ತಲೆಯ ಸಂದು ಬಿಡುತ್ತವೆ. ಆ ಸಂದಿನ ದಿಕ್ಕಿನಿಂದ ಬರುವವನಿಗೆ ನಾನು ಇಲ್ಲವೇ ಇಲ್ಲ. ಅಗಲದವನ್ನು ಹಾಕಿದರೆ ಅಕ್ಕಪಕ್ಕದವುಗಳ ಬೆಳಕು ಒಂದರ ಮೇಲೊಂದು ಬಿದ್ದು ಸುತ್ತಲೂ ಒಂದೇ ಸಮನಾಗುತ್ತದೆ. ದೋಣಿ ಅಲೆಗೆ ವಾಲಿದರೂ ಬೆಳಕು ಸಂಪೂರ್ಣವಾಗಿ ಆಕಾಶಕ್ಕೋ ನೀರಿಗೋ ಹೋಗುವುದಿಲ್ಲ. ಮೂರು ಮೂರು ಎಲ್‌ಇಡಿಗಳನ್ನು ಸಾಲಾಗಿ ಬೆಸೆದು ಪ್ರತಿ ಸಾಲಿಗೂ 150 ಓಮಿನ ಒಂದು ರೆಸಿಸ್ಟರ್. ನಾಲ್ಕು ಸಾಲು, ಸಾಲಿಗೆ 20 ಮಿಲಿ ಆಂಪಿಯರ್, ಒಟ್ಟು 80. ಹನ್ನೆರಡು ಗಂಟೆ ಉರಿದರೆ ಸುಮಾರು ಒಂದು ಆಂಪಿಯರ್-ಅವರ್. ಕಂಪ್ಯೂಟರಿನ ಯುಪಿಎಸ್ ಒಳಗಿರುವಂಥ 12 ವೋಲ್ಟಿನ, 7 ಆಂಪಿಯರ್-ಅವರಿನ ಬ್ಯಾಟರಿ ಎರಡು ಮೂರು ರಾತ್ರಿಯನ್ನು ಆಯಾಸವಿಲ್ಲದೆ ದಾಟಿಸುತ್ತದೆ. ಇಷ್ಟನ್ನೂ ಗಾಜಿನ ಉಪ್ಪಿನಕಾಯಿ ಭರಣಿಯೊಳಗೆ ಇಳಿಸಿ, ತಂತಿ ಹೊರಬರುವ ಕಡೆ ಸಿಲಿಕೋನ್ ಮೆತ್ತಿ, ಭರಣಿಯ ಕತ್ತಿಗೆ ಹಗ್ಗ ಬಿಗಿದಿದ್ದೇನೆ.

ಕತ್ತಲಾದಾಗ ತಾನೇ ಹೊತ್ತಿಕೊಳ್ಳುವಂತೆ ಬೆಳಕು ಅರಿಯುವ ಒಂದು ಸೆನ್ಸರ್ ಸೇರಿಸಬಹುದು. ನಾನು ಬಹಳ ದಿನ ಅದನ್ನು ಸೇರಿಸಿರಲಿಲ್ಲ. ಮುಸ್ಸಂಜೆಗೆ ಕೈ ಚಾಚಿ ದೀಪ ಹಚ್ಚುವುದರಲ್ಲಿ ನನಗೊಂದು ಸಂಧ್ಯಾವಂದನೆಯ ಸುಖ ಇತ್ತು. ಆದರೆ ದಡಕ್ಕೆ ಊಟಕ್ಕೆಂದು ಹೋದವರು ತಡವಾಗಿ ಮರಳಿದರೆ? ಅಷ್ಟರಲ್ಲಿ ಕತ್ತಲಾಗಿರುತ್ತದೆ. ಆ ಸುಖ ನನ್ನದು, ಅಪಾಯ ಬೇರೆಯವನದು. ಹಾಗೆ ಯೋಚನೆ ಬಂದ ಮೇಲೆ ಸೆನ್ಸರ್ ಹಾಕಿದೆ. ನನ್ನ ಕೈಯಿಂದ ಹಚ್ಚಿಸಿಕೊಳ್ಳದೆ ತಾನೇ ಹೊತ್ತುವ ದೀಪದ ಪುಣ್ಯ ನನಗೆ ಬರುತ್ತದೋ ಇಲ್ಲವೋ ಎಂಬುದು ಇಲ್ಲಿ ಪ್ರಶ್ನೆಯೇ ಅಲ್ಲ ಎಂದು ಆವತ್ತು ಮನದಟ್ಟಾಯಿತು.

ನನ್ನ ತಮ್ಮ ಊರಲ್ಲೇ ಇದ್ದಾನೆ, ಪೌರೋಹಿತ್ಯ ಮಾಡುತ್ತಾನೆ. ಫೋನಿನಲ್ಲಿ ಈ ಮೈಲಿ, ಓಮು, ಸೆನ್ಸರುಗಳನ್ನೆಲ್ಲ ಕೇಳಿ ಅವನೆಂದ: “ಅಕ್ಕಾ, ಇಷ್ಟೆಲ್ಲ ಲೆಕ್ಕ ಯಾಕೆ? ಆಯಿ ನಂದಾದೀಪ ಹಚ್ಚುವಾಗ ಎಷ್ಟು ದೂರ ಕಾಣ್ತದೆ ಅಂತ ಯಾವತ್ತಾದ್ರೂ ನೋಡಿದ್ಲಾ? ಭಾವ ಶುದ್ಧ ಇದ್ರೆ ಆಯ್ತಲ್ಲ.”

ಅವನು ಹೇಳಿದ್ದು ಸಣ್ಣ ಮಾತಲ್ಲ. ನಮ್ಮ ಭಕ್ತಿಯ ಪರಂಪರೆ ಮುಕ್ಕಾಲು ಭಾಗ ನಿಂತಿರುವುದು ಅದರ ಮೇಲೆ. ಎಲೆಯೋ ಹೂವೋ ಹಣ್ಣೋ ನೀರೋ, ಕೊಟ್ಟದ್ದು ಎಷ್ಟು ಎಂದು ದೇವರು ಅಳೆಯುವುದಿಲ್ಲ, ಕೊಟ್ಟ ಮನಸ್ಸನ್ನು ನೋಡುತ್ತಾನೆ ಎಂದು ಗೀತೆಯೂ ಹೇಳುತ್ತದೆ, ನಮ್ಮ ಅಜ್ಜಿಯರೂ ಹೇಳಿದರು. ನಾನು ಅದನ್ನು ನಂಬುತ್ತೇನೆ. ಆಯಿ ದೇವರ ಕೋಣೆಯಲ್ಲಿ ಹಚ್ಚುತ್ತಿದ್ದ ದೀಪ ಬಾಗಿಲಿನಾಚೆ ಕಾಣುತ್ತಿರಲಿಲ್ಲ. ಅದರಲ್ಲಿ ಯಾವ ಕೊರತೆಯೂ ಇರಲಿಲ್ಲ.

ಆದರೆ ಭಾವ ಸಾಕು ಎನ್ನುವುದಕ್ಕೆ ಒಂದು ಆಧಾರ ಬೇಕಲ್ಲವೇ? ದೇವರು ಅಂತರ್ಯಾಮಿ, ನನ್ನೊಳಗೆ ಇರುವುದು ಹೊರಗೆ ಬಾರದೆಯೂ ಅವನಿಗೆ ತಿಳಿಯುತ್ತದೆ. ಭಾವ ಅವನನ್ನು ಮುಟ್ಟುವುದು ಆ ಕಾರಣಕ್ಕೆ. ಏಡಿ ಹಿಡಿಯುವವನು ಅಂತರ್ಯಾಮಿಯಲ್ಲ. ನನ್ನ ಮನಸ್ಸಿನಲ್ಲಿ ಅವನ ಬಗ್ಗೆ ಎಷ್ಟೇ ಮಮತೆ ಇದ್ದರೂ, ಗಾಜಿನಿಂದ ಹೊರಬಿದ್ದು, ಮಂಜಿನ ಪಸೆಯನ್ನು ದಾಟಿ, ಅವನ ಕಣ್ಣಿನ ಪಾಪೆಯವರೆಗೆ ಹೋದಷ್ಟು ಬೆಳಕು ಮಾತ್ರ ಅವನ ಪಾಲಿಗೆ ನನ್ನ ಮಮತೆ. ಉಳಿದದ್ದು ಅವನಿಗೆ ಇಲ್ಲ. ಹಾಗೆ ನೋಡಿದರೆ ದೇವರಿಗೆ ಸಲ್ಲಿಸುವುದಕ್ಕಿಂತ ಮನುಷ್ಯನಿಗೆ ಸಲ್ಲಿಸುವುದು ಕಠಿಣ. ದೇವರು ನಮ್ಮ ಕೊರತೆಯನ್ನು ತುಂಬಿಕೊಳ್ಳುತ್ತಾನೆ. ಮನುಷ್ಯ ತುಂಬಿಕೊಳ್ಳಲಾರ, ಅವನಿಗೆ ಪೂರ್ತಿ ಕೊಡಬೇಕು.

ಡಿಕ್ಕಿ ತಪ್ಪಿಸುವ ಆ ನಿಯಮಾವಳಿಯ ಅನುಬಂಧದಲ್ಲಿ ಒಂದು ಸೂತ್ರವಿದೆ. ಇಷ್ಟು ದೂರ ಕಾಣಬೇಕಾದ ದೀಪಕ್ಕೆ ಇಷ್ಟು ಪ್ರಖರತೆ ಬೇಕು ಎಂದು ಲೆಕ್ಕ ಹಾಕುವ ಸೂತ್ರ. ಅದರ ಮೊದಲ ಅಂಶವೇ ನೋಡುವವನ ಕಣ್ಣು: ಕಣ್ಣಿಗೆ ಬಂದು ಬೀಳಬೇಕಾದ ಕನಿಷ್ಠ ಬೆಳಕು ಒಂದು ಲಕ್ಸ್‌ನ 50 ಲಕ್ಷದಲ್ಲಿ ಒಂದು ಪಾಲು. ಅಲ್ಲಿಂದ ಹಿಂದಕ್ಕೆ, ನಡುವಿನ ಗಾಳಿಯ ಮಬ್ಬನ್ನು ಕಳೆದು, ದೂರವನ್ನು ಗುಣಿಸಿ ದೀಪದವರೆಗೆ ಬರುತ್ತಾರೆ. ಎರಡು ನಾಟಿಕಲ್ ಮೈಲಿಗೆ ಬರುವ ಉತ್ತರ 4.3 ಕ್ಯಾಂಡೆಲಾ, ಎಂದರೆ ಹೆಚ್ಚುಕಡಿಮೆ ನಾಲ್ಕು ಮೇಣದಬತ್ತಿ. ಇದನ್ನು ಮೊದಲ ಸಲ ಓದಿದಾಗ ನಾನು ಪುಸ್ತಕ ಮುಚ್ಚಿ ಸ್ವಲ್ಪ ಹೊತ್ತು ಕೂತೆ. ಅಪರಿಚಿತನ ಕಣ್ಣಿನಿಂದ ಶುರುವಾಗಿ ನನ್ನ ಕೈಯಲ್ಲಿ ಮುಗಿಯುವ ಲೆಕ್ಕ. ಕೊಡುವವನ ತೃಪ್ತಿಗೆ ಆ ಸೂತ್ರದಲ್ಲಿ ಒಂದು ಅಕ್ಷರದ ಜಾಗವೂ ಇಲ್ಲ. ಕೇಳಿದ್ದು ನಾಲ್ಕೇ ಮೇಣದಬತ್ತಿಯಷ್ಟು, ಆದರೆ ಆ ನಾಲ್ಕು ಬೆಳಗಿನವರೆಗೆ ಕಡಿಮೆಯಾಗಬಾರದು.

ಹಾಗಾದರೆ ಭಾವಕ್ಕೆ ಬೆಲೆ ಇಲ್ಲವೇ ಎಂದರೆ, ಇದೆ. ಯಾರೂ ಕೇಳದಿದ್ದರೂ, ಯಾರೂ ಪರೀಕ್ಷಿಸದಿದ್ದರೂ ಭರಣಿಯ ಬಾಯಿಗೆ ಎರಡನೆಯ ಸಲ ಸಿಲಿಕೋನ್ ಮೆತ್ತಿಸುವುದು ಭಾವವೇ. ನೆರೆಯವರ ಮೋಟಾರು ದೋಣಿ ಹತ್ತಿಸಿ, ನಮ್ಮವರನ್ನು ಪಕ್ಕದ ವೆಸ್ಟ್ ನದಿಯ ಬಾಯಲ್ಲಿ ಲಂಗರು ಹಾಕಿದ ದೋಣಿಯಲ್ಲಿ ಬಿಟ್ಟು, ಕೊಲ್ಲಿಯೊಳಗೆ ಎರಡು ಮೈಲಿ ಹೋಗಿ ತಿರುಗಿ ನೋಡುವಂತೆ ನನ್ನನ್ನು ಹೊರಡಿಸಿದ್ದೂ ಭಾವವೇ. ಉತ್ತರಕ್ಕೆ 1875ರಲ್ಲಿ ಕಬ್ಬಿಣದ ತಿರುಪುಗಂಬಗಳ ಮೇಲೆ ನೀರಿನ ನಡುವೆ ನಿಲ್ಲಿಸಿದ ಥಾಮಸ್ ಪಾಯಿಂಟ್ ದೀಪಸ್ತಂಭ ಬೆಳಗುತ್ತಿತ್ತು. ದಡದ ಕಡೆ, ಮನೆಗಳ ಬೆಳಕುಗಳ ಕೆಳಗೆ, ನೀರಿಗೆ ಹತ್ತಿರದಲ್ಲಿ, ಅಲುಗಾಡದ ಒಂದು ಬಿಳಿ ಚುಕ್ಕೆ. ಅಷ್ಟು ದೂರದಿಂದ ಅದು ನಮ್ಮ ದೋಣಿ ಎಂದು ಹೇಳುವ ಯಾವ ಗುರುತೂ ಇರಲಿಲ್ಲ. ಏಡಿಯವನಿಗೆ ನಾವು ಇಷ್ಟೇ, ಮತ್ತು ಇಷ್ಟು ಅವನಿಗೆ ಸಾಕು.

ಅಲ್ಲಿಂದ ಕಲಿತ ಇನ್ನೊಂದು ಸಂಗತಿ ಎತ್ತರದ್ದು. ದೀಪವನ್ನು ಕೂವೆಮರದ ತುದಿಗೆ ಏರಿಸುವುದು ರೂಢಿ. ದೂರದ ದೊಡ್ಡ ಹಡಗಿಗೆ ಅದು ಸರಿ. ಹತ್ತಿರದಲ್ಲಿ, ಚಿಕ್ಕ ದೋಣಿಯಲ್ಲಿ ಕೂತು ಬರುವವನು ತಲೆ ಎತ್ತಿ ನೋಡುವುದಿಲ್ಲ. ನೋಡಿದರೂ ಅದು ನಕ್ಷತ್ರಗಳಲ್ಲಿ ಒಂದಾಗಿ ಕಾಣುತ್ತದೆ. ನಮ್ಮ ನೀರಿನಲ್ಲಿ ಬರುವವರೆಲ್ಲ ಚಿಕ್ಕ ದೋಣಿಯವರೇ. ನಾನು ಭರಣಿಯನ್ನು ದೋಣಿಯ ಮುಂಭಾಗದಲ್ಲಿ ಆಳೆತ್ತರಕ್ಕಿಂತ ತುಸು ಮೇಲೆ ತೂಗುಹಾಕುತ್ತೇನೆ. ಚೆನ್ನಾಗಿ ಕಾಣುವ ಜಾಗ ಎಂದು ನಿಯಮ ಹೇಳಿದೆಯೇ ಹೊರತು ಎತ್ತರದ ಜಾಗ ಎಂದು ಹೇಳಿಲ್ಲ.

ಬೃಹದಾರಣ್ಯಕ ಉಪನಿಷತ್ತಿನಲ್ಲಿ ಜನಕರಾಜ ಯಾಜ್ಞವಲ್ಕ್ಯರನ್ನು ಕೇಳುತ್ತಾನೆ: ಈ ಮನುಷ್ಯನಿಗೆ ಬೆಳಕು ಯಾವುದು? ಸೂರ್ಯ ಎನ್ನುತ್ತಾರೆ. ಸೂರ್ಯ ಮುಳುಗಿದರೆ? ಚಂದ್ರ. ಅವನೂ ಮುಳುಗಿದರೆ? ಅಗ್ನಿ. ಅಗ್ನಿಯೂ ಆರಿದರೆ? ಮಾತು, ತನ್ನ ಕೈಯೇ ತನಗೆ ಕಾಣದ ಕತ್ತಲೆಯಲ್ಲೂ ಎಲ್ಲಿಂದ ಮಾತು ಕೇಳುತ್ತದೋ ಅತ್ತ ಮನುಷ್ಯ ನಡೆದು ಹೋಗಬಲ್ಲ. ಮಾತೂ ನಿಂತರೆ? ಆತ್ಮ. ಸಮುದ್ರದ ನಿಯಮಗಳು ಇದೇ ಮೆಟ್ಟಿಲುಗಳನ್ನು ಇಳಿಯುತ್ತವೆ ಎಂಬುದು ನನಗೆ ದೋಣಿಯ ಮೇಲೆ ಹೊಳೆಯಿತು. ಹಗಲಿನಲ್ಲಿ ಲಂಗರು ಹಾಕಿದವರು ಕಪ್ಪು ಚೆಂಡೊಂದನ್ನು ತೂಗಬೇಕು. ಸೂರ್ಯನ ಬೆಳಕು ಅದನ್ನು ತೋರಿಸುತ್ತದೆ. ರಾತ್ರಿ ದೀಪ. ಮಂಜು ಕವಿದು ದೀಪವೂ ಸತ್ತಾಗ ಸದ್ದು: ದೊಡ್ಡ ಹಡಗುಗಳು ನಿಮಿಷಕ್ಕೊಮ್ಮೆ ಐದು ಸೆಕೆಂಡು ಗಂಟೆ ಬಾರಿಸಬೇಕು, 12 ಮೀಟರಿಗಿಂತ ಚಿಕ್ಕವರು ಎರಡು ನಿಮಿಷ ಮೀರದಂತೆ ಏನಾದರೊಂದು ಜೋರಾದ ಸದ್ದು ಮಾಡುತ್ತಿರಬೇಕು. ನಮ್ಮ ದೋಣಿಯಲ್ಲಿ ಅದಕ್ಕೆ ಊರಿನಿಂದ ತಂದ ಪೂಜೆಯ ಕಂಚಿನ ಗಂಟೆ ಇದೆ. ದೇವತೆಗಳು ಬರಲಿ ಎಂದು ಬಾರಿಸುತ್ತಿದ್ದ ಗಂಟೆಯನ್ನು ಮಂಜಿನ ಮುಂಜಾವಿನಲ್ಲಿ ಯಾರೂ ಹತ್ತಿರ ಬರದಿರಲಿ ಎಂದು ಬಾರಿಸುತ್ತೇನೆ. ಎರಡೂ ಪೂಜೆಯೇ ಎಂದು ನನ್ನ ಮನಸ್ಸು ಹೇಳುತ್ತದೆ.

ಆದರೆ ಜನಕನ ಪ್ರಶ್ನೆ ನಡೆಯುವವನ ಬೆಳಕಿನ ಬಗ್ಗೆ. ನಾನು ಯಾವ ಬೆಳಕಿನಲ್ಲಿ ಹೋಗಲಿ ಎಂಬುದು ಅದರ ರೂಪ. ಅದೇ ಸಂವಾದ ಮುಂದೆ ಕನಸು ಮತ್ತು ಗಾಢನಿದ್ದೆಯ ವಿಚಾರಕ್ಕೆ ಹೋಗುತ್ತದೆ. ನಿದ್ದೆಯಲ್ಲಿ ಆತ್ಮ ತನ್ನ ಬೆಳಕಿನಲ್ಲಿ ತಾನೇ ರಥಗಳನ್ನೂ ದಾರಿಗಳನ್ನೂ ಸೃಷ್ಟಿಸಿಕೊಳ್ಳುತ್ತದೆ ಎನ್ನುತ್ತಾರೆ ಯಾಜ್ಞವಲ್ಕ್ಯರು. ನಾನು ದೋಣಿಯ ಒಳಗೆ ಮಲಗಿ ಆ ದಾರಿಗಳಲ್ಲಿ ಓಡಾಡುವಾಗ ಹೊರಗೆ ಇನ್ನೊಬ್ಬ ತನ್ನ ದಾರಿಯಲ್ಲಿ ಎಚ್ಚರವಾಗಿ ಬರುತ್ತಿದ್ದಾನೆ. ನನ್ನ ಆತ್ಮಜ್ಯೋತಿ ಅವನಿಗೆ ಕಾಣುವುದಿಲ್ಲ. ನಾನು ನಿದ್ದೆಯಲ್ಲಿರುವಾಗ ಅವನಿಗೆ ಬೆಳಕು ಯಾವುದು? ಈ ಪ್ರಶ್ನೆಯನ್ನು ಜನಕ ಕೇಳಲಿಲ್ಲ. ಅದ್ವೈತಿಗಳಾದ ಹಿರಿಯರು ಇದಕ್ಕೆ, ಆ ಇನ್ನೊಬ್ಬ ಎಂಬವನೇ ಇಲ್ಲ, ಅವನ ಕಣ್ಣಿನಲ್ಲಿ ಕೂತು ನೋಡುವುದೂ ಅದೇ ಆತ್ಮ ಎಂದು ಉತ್ತರಿಸಿಯಾರು. ಒಪ್ಪುತ್ತೇನೆ. ಒಪ್ಪಿದ ಮೇಲೆ ನನ್ನ ದೀಪವನ್ನು ಅವನ ಕಣ್ಣಿನಿಂದ ಅಳೆಯುವ ಹೊಣೆ ಇನ್ನೂ ಬಿಗಿಯಾಗುತ್ತದೆ, ಸಡಿಲವಾಗುವುದಿಲ್ಲ.

ದ್ವೈತಿಗಳ ಮನೆಯಲ್ಲಿ ಇದಕ್ಕೆ ಇನ್ನೂ ಹತ್ತಿರದ ಕಥೆ ಇದೆ. ಮಲ್ಪೆಯ ಕಡಲ ದಂಡೆಯಲ್ಲಿ ಮಧ್ವಾಚಾರ್ಯರು ಜಪಕ್ಕೆ ಕುಳಿತಿದ್ದಾಗ ಹಡಗೊಂದು ಬಿರುಗಾಳಿಗೆ ಸಿಕ್ಕಿತು. ಅವರು ತಮ್ಮ ವಸ್ತ್ರವನ್ನು ಬೀಸಿ ದಾರಿ ತೋರಿದರು. ಉಳಿದು ಬಂದ ಹಡಗಿನವನು ಕೊಟ್ಟ ಗೋಪೀಚಂದನದ ಗಟ್ಟಿಯಲ್ಲಿ ಉಡುಪಿಯ ಕೃಷ್ಣ ಸಿಕ್ಕಿದ. ಕರಾವಳಿಯ ಎಲ್ಲ ಮಕ್ಕಳೂ ಕೇಳಿ ಬೆಳೆದ ಕಥೆ. ಕೃಷ್ಣ ಸಿಕ್ಕಿದ ಭಾಗವನ್ನು ನಾವು ಹೆಚ್ಚು ಹೇಳುತ್ತೇವೆ. ಅದಕ್ಕಿಂತ ಮುಂಚಿನ ಭಾಗ ನೋಡಿ: ಆಚಾರ್ಯರು ಜಪ ನಿಲ್ಲಿಸಿ ಎದ್ದರು. ಗುರುತಿಲ್ಲದ ಹಡಗಿನವರ ಕಣ್ಣಿಗೆ ಬೀಳುವಂತೆ ಬಟ್ಟೆ ಬೀಸಿದರು. ಮನಸ್ಸಿನಲ್ಲೇ ಅವರ ಕ್ಷೇಮ ಕೋರಿ ಕೂತಿದ್ದರೆ ಕಥೆ ಮುಂದುವರಿಯುತ್ತಿರಲಿಲ್ಲ. ದೇವರು ಉಡುಪಿಗೆ ಬಂದದ್ದು ಕಾಣುವ ಸನ್ನೆಯೊಂದರ ಹಿಂದೆ.

ಬೆಳಕನ್ನು ಬೇರೆ ಕೆಲಸಕ್ಕೂ ಬಳಸಬಹುದು ಎಂಬುದನ್ನು ನಮ್ಮ ಕಡಲು ಕಂಡಿದೆ. ಪ್ರಖರ ಎಲ್‌ಇಡಿ ಉರಿಸಿ ಮೀನುಗಳನ್ನು ಮರುಳುಗೊಳಿಸಿ ಹಿಂಡುಗಟ್ಟಲೆ ಬಳಿಯುವ ಬೆಳಕು ಮೀನುಗಾರಿಕೆಯನ್ನು ಕೇಂದ್ರ ಸರ್ಕಾರ 2017ರ ನವೆಂಬರಿನಲ್ಲಿ ನಿಷೇಧಿಸಿತು. ಎರಡರಲ್ಲೂ ಅದೇ ಎಲ್‌ಇಡಿ. ಒಂದು ಬೆಳಕು ಹತ್ತಿರ ಬಾ ಎಂದು ಸುಳ್ಳು ಹೇಳುತ್ತದೆ, ಇನ್ನೊಂದು ನಾನಿಲ್ಲಿದ್ದೇನೆ, ದೂರದಿಂದ ಹೋಗು ಎಂದು ನಿಜ ಹೇಳುತ್ತದೆ.

ನಿಜ ಹೇಳಿದ ಮೇಲೆ ನನ್ನ ಕೈಯಲ್ಲಿ ಏನೂ ಉಳಿಯುವುದಿಲ್ಲ. ಲಂಗರು ಹಾಕಿ ಮಲಗಿದವಳು ತಪ್ಪಿಸಿಕೊಳ್ಳಲಾರಳು. ತಪ್ಪಿಸಿಕೊಂಡು ಹೋಗಬೇಕಾದವನು ಬರುವವನು. ದೀಪ ಹಚ್ಚಿ ಕಣ್ಣು ಮುಚ್ಚುವುದೆಂದರೆ ನಮ್ಮಿಬ್ಬರ ಪ್ರಾಣವನ್ನು ಹೆಸರು ಗೊತ್ತಿಲ್ಲದ ಒಬ್ಬನ ಎಚ್ಚರಕ್ಕೆ ಒಪ್ಪಿಸುವುದು. ಶರಣಾಗತಿಯ ಬಗ್ಗೆ ಪುರಾಣಪ್ರವಚನಗಳಲ್ಲಿ ಎಷ್ಟು ಕೇಳಿದ್ದರೂ ಅದರ ಅನುಭವ ನನಗೆ ಆದದ್ದು ಆ ಹಾಸಿಗೆಯ ಮೇಲೆ. ಮಾಡಬೇಕಾದದ್ದನ್ನು ಕೊನೆಯ ರೆಸಿಸ್ಟರಿನವರೆಗೆ ಮಾಡಿದ ದಿನ ಆ ಒಪ್ಪಿಸುವಿಕೆಯಲ್ಲಿ ಭಯ ಇರುವುದಿಲ್ಲ. ನಿದ್ದೆ ಚೆನ್ನಾಗಿ ಬರುತ್ತದೆ. ಎಷ್ಟೋ ಸಲ ಬೆಳಗಿನ ಜಾವ ಮೋಟಾರಿನ ಸದ್ದು ಹತ್ತಿರವಾಗಿ, ಒಂದು ಕ್ಷಣ ಇಳಿದು, ಬದಿಗೆ ಸರಿದು, ಮತ್ತೆ ಏರಿ ದೂರವಾಗುವುದನ್ನು ಅರೆನಿದ್ದೆಯಲ್ಲಿ ಕೇಳಿದ್ದೇನೆ. ಅವರ ಮುಖ ನೋಡಿಲ್ಲ.

ಹಣ ಇರುವವರು ಮುದ್ರೆ ಬಿದ್ದ, ಪರೀಕ್ಷೆಯಾದ ಲಂಗರು ದೀಪವನ್ನೇ ಕೊಳ್ಳಿ. ಕೈಯಲ್ಲಿ ಮಾಡಿದ್ದು ಅದು ಕೆಟ್ಟಾಗಿನ ಆಸರೆಯಾಗಿರಲಿ. ಕೊಳ್ಳಲಾಗದವರು ಮಾಡಿಕೊಳ್ಳಿ, ಕಷ್ಟವಿಲ್ಲ. ನಮ್ಮ ಶರಾವತಿ, ಅಘನಾಶಿನಿ, ಗಂಗಾವಳಿ, ಕಾಳಿಯ ಅಳಿವೆಗಳಲ್ಲಿ ರಾತ್ರಿ ಪಾತಿದೋಣಿ ಕಟ್ಟಿ ಮಲಗುವವರಿಗೂ, ಬಲೆ ಬಿಟ್ಟು ಕಾಯುವವರಿಗೂ ಇದನ್ನೇ ಹೇಳುತ್ತೇನೆ: ಕಾಯ್ದೆ ನಿಮ್ಮನ್ನು ಬಿಟ್ಟಿದ್ದರೂ ದೀಪ ಹಚ್ಚಿ. ಹಚ್ಚಿದ ಮೇಲೆ ಇನ್ನೊಬ್ಬರ ದೋಣಿ ಹತ್ತಿ ದೂರ ಹೋಗಿ, ಬೆಳಗಿನ ಜಾವದ ಹೊತ್ತಿನಲ್ಲಿ, ನಾಲ್ಕೂ ದಿಕ್ಕಿನಿಂದ ಒಮ್ಮೆ ನೋಡಿ ಬನ್ನಿ. ಕಾಣದಿದ್ದರೆ ಇನ್ನೆರಡು ಎಲ್‌ಇಡಿ ಸೇರಿಸಿ.